ಪರಚಿತ್ತಜ್ಞಾನ, ಅಧಿಕಾರ ಮತ್ತು ಒಕ್ಕಲು: ವೈಜ್ಞಾನಿಕ ಕಾದಂಬರಿಯ ಬೆಳಕಿನಲ್ಲಿ ಮಂಟೇಸ್ವಾಮಿ ಕಾವ್ಯ

ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಮಾತಿಲ್ಲದೆ ಅರಿಯುವ ಶಕ್ತಿಗೆ ‘ಟೆಲಿಪತಿ’ ಎಂಬ ಹೆಸರನ್ನು ಫ್ರೆಡರಿಕ್ ಮೈಯರ್ಸ್ ಟಂಕಿಸಿದ್ದು 1882ರಲ್ಲಿ. ಹೆಸರು ಹೊಸದಾದರೂ ಕಲ್ಪನೆ ನಮ್ಮಲ್ಲಿ ಹಳೆಯದು. ಜೈನ ದರ್ಶನ ಹೇಳುವ ಐದು ಜ್ಞಾನಗಳಲ್ಲಿ ನಾಲ್ಕನೆಯದಾದ ಮನಃಪರ್ಯಯಜ್ಞಾನವು ಸಂಯಮಿಯಾದ ಮುನಿಗೆ ಮಾತ್ರ ಲಭ್ಯ. ಪತಂಜಲಿಯ ಯೋಗಸೂತ್ರವು ಪರಚಿತ್ತಜ್ಞಾನವನ್ನು ಸಿದ್ಧಿಗಳ ಸಾಲಿನಲ್ಲಿಟ್ಟು, ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂದೂ ಎಚ್ಚರಿಸುತ್ತದೆ. ಈ ಎರಡೂ ಪರಂಪರೆಗಳು ಆ ಶಕ್ತಿ ಇದೆಯೇ ಇಲ್ಲವೇ ಎಂಬುದಕ್ಕಿಂತ, ಅದು ಯಾರ ಕೈಯಲ್ಲಿರಬೇಕು ಎಂಬುದನ್ನು ಮುಖ್ಯವಾಗಿ ಪರಿಗಣಿಸಿವೆ. ಇಪ್ಪತ್ತನೆಯ ಶತಮಾನದ ವೈಜ್ಞಾನಿಕ ಕಾದಂಬರಿ ಎತ್ತಿದ ಪ್ರಶ್ನೆಯೂ ಇದೇ. ಅದೇ ಪ್ರಶ್ನೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಜನಪದ ಪರಂಪರೆಗೆ ಕೇಳುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವೈಜ್ಞಾನಿಕ ಕಥನವನ್ನು ಬೆಳೆಸಿದ್ದಾರೆ. ಆದರೂ ಆ ಪ್ರಕಾರವನ್ನೂ ಮೌಖಿಕ ಕಾವ್ಯಗಳನ್ನೂ ಎದುರುಬದುರಾಗಿಟ್ಟು ಓದುವ ಪ್ರಯತ್ನಗಳು ವಿರಳ.

ಮೊದಲು ಎರಡು ಕಾದಂಬರಿಗಳನ್ನು ಗಮನಿಸಬಹುದು. ಆಲ್ಫ್ರೆಡ್ ಬೆಸ್ಟರನ ‘ದಿ ಡೆಮಾಲಿಷ್ಡ್ ಮ್ಯಾನ್’ 1953ರಲ್ಲಿ ಮೊಟ್ಟಮೊದಲ ಹ್ಯೂಗೋ ಪ್ರಶಸ್ತಿಯನ್ನು ಪಡೆದ ಕೃತಿ. ಅಲ್ಲಿ ಮನಸ್ಸನ್ನು ಓದಬಲ್ಲವರು ಒಂದು ಸಂಘವಾಗಿ ಸಂಘಟಿತರಾಗಿದ್ದಾರೆ. ಅವರಲ್ಲಿ ಮೂರು ದರ್ಜೆಗಳಿವೆ, ಪ್ರತಿಜ್ಞೆಯಿದೆ, ತಪ್ಪಿದವರಿಗೆ ಬಹಿಷ್ಕಾರವಿದೆ. ಹಾಗಿದ್ದರೂ ಮನಸ್ಸಿನಿಂದ ತಿಳಿದದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಕೊಲೆಗಾರ ಯಾರೆಂದು ಪೊಲೀಸ್ ಅಧಿಕಾರಿಗೆ ತಿಳಿದಿದೆ. ತಿಳಿದದ್ದನ್ನು ಎಲ್ಲರ ಮುಂದೆ ರುಜುವಾತುಪಡಿಸುವ ಹೊಣೆ ಮಾತ್ರ ತಪ್ಪುವುದಿಲ್ಲ.

ಆಕ್ಟೇವಿಯಾ ಬಟ್ಲರ್ ಎಂಬ ಆಫ್ರಿಕನ್-ಅಮೆರಿಕನ್ ಲೇಖಕಿಯ ‘ಮೈಂಡ್ ಆಫ್ ಮೈ ಮೈಂಡ್’ (1977) ಇನ್ನೂ ಕಠಿಣವಾದ ಕೃತಿ. ದೇಹದಿಂದ ದೇಹಕ್ಕೆ ಸಾಗುತ್ತ ಸುಮಾರು ನಾಲ್ಕು ಸಾವಿರ ವರ್ಷ ಬದುಕಿರುವ ಡೋರೋ, ವಿಶೇಷ ಶಕ್ತಿಯುಳ್ಳ ಮನುಷ್ಯರನ್ನು ತಳಿ ಬೆಳೆಸುವಂತೆ ಬೆಳೆಸುತ್ತಾನೆ. ಅವನ ಮಗಳಾದ ಮೇರಿ ಅಂಥವರ ಮನಸ್ಸುಗಳನ್ನು ತನ್ನೊಂದಿಗೆ ಹೆಣೆದು ಒಂದು ಸಮುದಾಯವನ್ನು ಕಟ್ಟುತ್ತಾಳೆ, ಕೊನೆಗೆ ಡೋರೋನನ್ನು ಕೊಲ್ಲುತ್ತಾಳೆ. ಒಡೆಯ ಅಳಿಯುತ್ತಾನೆ, ಒಡೆತನ ಅಳಿಯುವುದಿಲ್ಲ. ಒಂಟಿಯಾಗಿ ನರಳುತ್ತಿದ್ದವರಿಗೆ ನೆಲೆ ಸಿಗುತ್ತದೆ. ಆದರೆ ಅವರನ್ನು ಹೆಣೆಯುವ ಮೊದಲು ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ಆ ಶಕ್ತಿಯಿಲ್ಲದ ಸಾಮಾನ್ಯರನ್ನು ‘ಮೂಕರು’ ಎಂದು ಕರೆದು ಅವರ ಮನಸ್ಸನ್ನು ತಿದ್ದಿ ದುಡಿಸಿಕೊಳ್ಳಲಾಗುತ್ತದೆ. ಸಮುದಾಯದ ಸುಖ ಮತ್ತು ಅದರ ಹಿಂಸೆ ಒಂದೇ ಬೇರಿನಿಂದ ಹುಟ್ಟುತ್ತವೆ ಎಂಬುದು ಈ ಕಾದಂಬರಿಯ ದರ್ಶನ.

ಈ ಹಿನ್ನೆಲೆಯಲ್ಲಿ ನೀಲಗಾರರು ತಂಬೂರಿಯೊಡನೆ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಪರಿಶೀಲಿಸಬೇಕು. ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿಯೇ, ಮಳವಳ್ಳಿ ತಾಲ್ಲೂಕಿನಲ್ಲಿ, ಕಾವ್ಯದ ನಿರ್ಣಾಯಕ ಘಟ್ಟ ನಡೆಯುವ ಹಲಗೂರು ಇದೆ. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಗೆ ಹೋಗುವ ಒಕ್ಕಲಿನವರಿಗೂ ಇದು ಹಾದಿ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡು ರಚನೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡಿತು. ಆದರೆ ಒಕ್ಕಲುತನದ ಭೂಪಟಕ್ಕೆ ಆಡಳಿತದ ಗಡಿಗಳು ಅನ್ವಯಿಸುವುದಿಲ್ಲ.

ಕಾವ್ಯದ ಆರಂಭದಲ್ಲಿ ಮಂಟೇಸ್ವಾಮಿ ಅಸಹ್ಯ ರೂಪದಲ್ಲಿ ಕಲ್ಯಾಣಕ್ಕೆ ಬಂದು ಶರಣರನ್ನು ಪರೀಕ್ಷಿಸುತ್ತಾನೆ. ವೇಷದ ಹಿಂದಿನ ಮನಸ್ಸು ಅವನಿಗೆ ಬಯಲಾಗಿದೆ. ಅವನ ವೇಷದ ಹಿಂದಿನ ಗುರುವನ್ನು ಅವರು ಕಾಣಲಾರರು. ಇಲ್ಲಿ ಮನಸ್ಸನ್ನು ಓದುವವನು ಅಧಿಕಾರಸ್ಥನಲ್ಲ, ಬಾಗಿಲಲ್ಲಿ ತಡೆಯಲ್ಪಟ್ಟವನು. ಈ ಕಾರಣದಿಂದಲೇ ಇದನ್ನು ತಳಸಮುದಾಯಗಳ ಪ್ರತಿಭಟನೆಯ ಕಾವ್ಯವೆಂದು ಓದುವ ಕ್ರಮ ಬೆಳೆದುಬಂದಿದೆ. ಆ ಓದು ಸಮರ್ಥನೀಯವಾದರೂ ಅಪೂರ್ಣವಾದುದು.

ಏಕೆಂದರೆ ದಕ್ಷಿಣಕ್ಕೆ ಬಂದ ಮೇಲೆ ಅದೇ ಗುರು ನಿಡುಘಟ್ಟದ ಆಚಾರಿ ಮನೆತನದ ಮಗನಾದ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡುತ್ತಾನೆ. ಮನೆಯವರು ಒಪ್ಪದಿದ್ದಾಗ ಆ ಮನೆಗೆ ಕಷ್ಟಗಳು ಒದಗುತ್ತವೆ. ಅಂತಿಮವಾಗಿ ಮಗ ಗುರುವಿನ ವಶವಾಗಿ ಸಿದ್ದಪ್ಪಾಜಿಯಾಗುತ್ತಾನೆ. ಭಕ್ತಿಯ ಚೌಕಟ್ಟಿನಲ್ಲಿ ಇದು ಗುರುಕೃಪೆಯ ಪ್ರಸಂಗ. ಬಟ್ಲರಳ ಕಾದಂಬರಿಯನ್ನು ಓದಿ ಬಂದವರಿಗೆ ಇಲ್ಲಿ ಬೇರೊಂದು ಸಂಗತಿ ಕಾಣುತ್ತದೆ: ಒಪ್ಪಿಗೆಯಿಲ್ಲದೆ ಸಮುದಾಯಕ್ಕೆ ಸೇರಿಸಿಕೊಳ್ಳುವ ಬಲ. ಒಕ್ಕಲು ಪಡೆಯುವುದೆಂದರೆ ಆಶ್ರಯ ನೀಡುವುದೂ ಹೌದು, ವಶಪಡಿಸಿಕೊಳ್ಳುವುದೂ ಹೌದು. ನಮ್ಮ ಜಾನಪದ ಅಧ್ಯಯನವು ಮೊದಲನೆಯದನ್ನು ವಿವರಿಸಿದಷ್ಟು ಎರಡನೆಯದನ್ನು ವಿವರಿಸಿಲ್ಲ.

ಹಾಗೆಂದು ಮಂಟೇಸ್ವಾಮಿಯನ್ನು ಡೋರೋನಿಗೆ ಸಮೀಕರಿಸುವುದು ಸರಿಯಲ್ಲ. ವ್ಯತ್ಯಾಸವು ಹಲಗೂರಿನಲ್ಲಿದೆ. ಗುರು ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆ ಕಳುಹಿಸುವುದು ಹಲಗೂರಿನ ಪಾಂಚಾಳರ ಬಳಿಗೆ, ಅಂದರೆ ಅವನ ಹುಟ್ಟುಕುಲದ ಕಸುಬಿನವರ ಬಳಿಗೆ. ಅವರ ಮನೆಯಲ್ಲಿ ಕಬ್ಬಿಣವಿದೆ ಎಂಬುದು ಸಿದ್ದಪ್ಪಾಜಿಗೆ ಗೊತ್ತು. ಇಲ್ಲವೆಂದು ಅವರು ಹೇಳುತ್ತಾರೆ. ಮನಸ್ಸನ್ನು ತಿದ್ದಿ ಕಬ್ಬಿಣವನ್ನು ಪಡೆಯುವ ದಾರಿಯನ್ನು ಕಾವ್ಯ ಹಿಡಿಯುವುದಿಲ್ಲ. ಅವನು ಕೈಯೊಡ್ಡಿ ಕೇಳಬೇಕು, ಅವರು ಒಡ್ಡುವ ವಿಷದ ಮತ್ತು ಕಾದ ಕಬ್ಬಿಣದ ಪರೀಕ್ಷೆಗಳನ್ನು ಎದುರಿಸಬೇಕು. ಬಲ್ಲವನನ್ನು ಪರೀಕ್ಷಿಸುವ ಹಕ್ಕು ಬಲ್ಲವನಲ್ಲದವರಿಗೆ ಇದೆ. ಬೆಸ್ಟರನ ನ್ಯಾಯಾಲಯ ಕೇಳುವ ಬಹಿರಂಗ ರುಜುವಾತು ಇಲ್ಲಿ ಊರಿನ ನಡುವೆಯೇ ನಡೆಯುತ್ತದೆ. ಬಟ್ಲರಳ ‘ಮೂಕರಿ’ಗಾದರೋ ಈ ಹಕ್ಕು ಇಲ್ಲ. ಅರಿವನ್ನೂ ಒಡೆತನವನ್ನೂ ಬೇರ್ಪಡಿಸಿದ್ದು ಈ ಪರಂಪರೆಯ ದೊಡ್ಡ ಸಾಧನೆ. ನೀಲಗಾರನ ಭಿಕ್ಷಾಟನೆಯನ್ನು ಬಡತನದ ಗುರುತೆಂದು ಮಾತ್ರ ನೋಡದೆ, ಈ ನಿಯಮದ ಮುಂದುವರಿಕೆಯೆಂದೂ ನೋಡಬೇಕು.

ಈ ನಿಯಮಕ್ಕೂ ಮಿತಿಯಿದೆ. ಸುಳ್ಳು ಬಯಲಾದ ಮೇಲೆ ಹಲಗೂರು ಉರಿದುಹೋಗುತ್ತದೆ. ಪರೀಕ್ಷೆಗೆ ಒಳಗಾದ ಶಕ್ತಿ ಕಡೆಗೆ ಶಿಕ್ಷಿಸುವ ಶಕ್ತಿಯಾಗುತ್ತದೆ. ಸುಳ್ಳು ಹೇಳಿದವರ ಜೊತೆಗೆ ಅವರ ಊರೂ ದಂಡ ತೆರುತ್ತದೆ. ಕಾವ್ಯ ಈ ಬೆಂಕಿಯನ್ನು ಪವಾಡವೆನ್ನುತ್ತದೆ. ವಿಮರ್ಶೆ ಅದನ್ನು ಪ್ರಶ್ನೆಯಾಗಿ ಉಳಿಸಿಕೊಳ್ಳಬೇಕು.

ಕಾವ್ಯದಾಚೆಗಿನ ಆಚರಣೆಗಳಲ್ಲಿಯೂ ಇದೇ ಸಮಸ್ಯೆಯಿದೆ. ಈ ಸೀಮೆಯಲ್ಲಿ ದೇವರ ಮುಂದೆ ಹೂ ಕೇಳುವವರು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿಯೇ ನೆನೆಯುತ್ತಾರೆ. ದೇವರು ಮನಸ್ಸನ್ನು ಬಲ್ಲುದು. ಆದರೆ ಗುಟ್ಟು ಕೇಳಿದವರಲ್ಲಿಯೇ ಉಳಿಯುತ್ತದೆ. ದೇವರ ಬಸವನ ವಿಷಯ ಹಾಗಲ್ಲ. ಚನ್ನಪಟ್ಟಣ, ಕನಕಪುರ ಹಾಗೂ ನೆರೆಯ ಮದ್ದೂರು, ಮಳವಳ್ಳಿ ಭಾಗಗಳಲ್ಲಿ ದೇವರಿಗೆ ಬಿಟ್ಟ ಬಸವ ಅರ್ಚಕನನ್ನು ಆರಿಸುತ್ತದೆ, ತಪ್ಪಿತಸ್ಥನನ್ನು ತೋರಿಸುತ್ತದೆ, ವ್ಯಾಜ್ಯವನ್ನು ತೀರಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. ಬಸವ ಮಾತನಾಡುವುದಿಲ್ಲ, ಅದರ ನಡೆಗೆ ಅರ್ಥ ಹೇಳುವವರು ಮನುಷ್ಯರು. ಹಣವಂತನ ಎದುರು ಬಡವನ ಪರವಾಗಿಯೂ ಬಸವ ನಿಲ್ಲಬಹುದೆಂಬ ಭರವಸೆ ಈ ನಂಬಿಕೆಗೆ ಬಲ ತಂದಿದೆ. ಆದರೆ ಬಸವ ಗುರುತಿಸಿತೆಂದು ಹೇಳಲಾದ ವ್ಯಕ್ತಿಗೆ ತಾನು ನಿರಪರಾಧಿಯೆಂದು ಸಾಧಿಸಲು ಅಲ್ಲಿ ಯಾವ ದಾರಿಯಿದೆ? ಹಲಗೂರಿನ ಪಾಂಚಾಳರಿಗಿದ್ದ ಪರೀಕ್ಷಿಸುವ ಹಕ್ಕು ಇಲ್ಲಿ ಕ್ಷೀಣಿಸಿದೆ.

ಈ ಚರ್ಚೆ ಗತಕಾಲಕ್ಕೆ ಸೀಮಿತವಾದುದಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಸಂಸ್ಥೆ ತನ್ನ ಸಾಧನವನ್ನು ಮೊದಲ ಬಾರಿಗೆ ಮನುಷ್ಯನ ಮಿದುಳಿಗೆ ಅಳವಡಿಸಿತು. ಕೈಕಾಲು ಸ್ವಾಧೀನದಲ್ಲಿಲ್ಲದವರು ಮನಸ್ಸಿನ ಸಂಕಲ್ಪದಿಂದಲೇ ಕಂಪ್ಯೂಟರ್ ನಡೆಸಲು ಇಂಥ ಸಾಧನ ನೆರವಾಗುತ್ತದೆ. ಅದು ಪರಚಿತ್ತಜ್ಞಾನವಲ್ಲ, ಆದರೂ ಮಿದುಳಿನ ಸಂಕೇತಗಳನ್ನು ಓದುವ ಅಧಿಕಾರ ಯಾರದು, ಓದುವವರನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಗಳು ಕಾದಂಬರಿಯ ಪುಟಗಳಿಂದ ಹೊರಬಂದಿವೆ.

ಒಟ್ಟಿನಲ್ಲಿ ವೈಜ್ಞಾನಿಕ ಕಾದಂಬರಿಯೂ ಮೌಖಿಕ ಕಾವ್ಯವೂ ಪರಸ್ಪರರ ಕೊರತೆಯನ್ನು ತೋರಿಸಿಕೊಡುತ್ತವೆ. ಕೃಪೆಯೆಂದು ಒಪ್ಪಿಕೊಂಡದ್ದರಲ್ಲಿರುವ ಬಲಾತ್ಕಾರವನ್ನು ಕಾದಂಬರಿ ನಮಗೆ ಕಾಣಿಸುತ್ತದೆ. ಬಲ್ಲವನು ಬೇಡುವವನಾಗಿಯೇ ಇರಬೇಕೆಂಬ, ಕಾದಂಬರಿಗೆ ಹೊಳೆಯದ ವ್ಯವಸ್ಥೆಯನ್ನು ಕಾವ್ಯ ಕಾಣಿಸುತ್ತದೆ. ಆದ್ದರಿಂದ ಮುಂದಿನ ಕ್ಷೇತ್ರಕಾರ್ಯವು ನೀಲಗಾರರ ಪಠ್ಯಗಳ ಜೊತೆಗೆ ಓದಿಸಿಕೊಂಡವರ ಕಡೆಯ ಹೇಳಿಕೆಗಳನ್ನೂ ಅರಸಬೇಕು: ಮಗನನ್ನು ಕೊಟ್ಟ ಮನೆಯ ಅಳಲು, ಕಬ್ಬಿಣದ ಕಸುಬಿನವರು ಹಲಗೂರಿನ ಕಥೆಯನ್ನು ಹೇಳುವ ಬಗೆ, ಬಸವ ಎದುರು ನಿಂತ ಮನೆಯವರ ಮಾತು. ಮನಸ್ಸನ್ನು ಬಲ್ಲವರ ಮಹಿಮೆಯನ್ನು ನಾವು ಸಾಕಷ್ಟು ದಾಖಲಿಸಿದ್ದೇವೆ. ಯಾರ ಮನಸ್ಸು ಬಯಲಾಯಿತೋ ಅವರ ಮಾತನ್ನು ದಾಖಲಿಸಿದಾಗ ಮಾತ್ರ ಈ ಕಾವ್ಯದ ಅಧ್ಯಯನ ಪೂರ್ಣವಾಗುತ್ತದೆ.