ಬೆಂಜಿನ ಗೇರೂ ಡ್ರೈವರನ ಕಿವಿಯೂ

ಹಳೇ ಲಾರಿಯ ಮಾತೆತ್ತಿದರೆ ಸಾಕು, ‘ಆ ಕಾಲದ ಕಬ್ಬಿಣವೇ ಬೇರೆ’ ಎನ್ನುವವರು ಸಿಗುತ್ತಾರೆ. ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಬ್ಬಿಣ ಗಟ್ಟಿಯಿತ್ತು, ಸರಿ, ಬ್ರೇಕು? ಕೊಚ್ಚಿಯ ಮಟ್ಟಾಂಚೇರಿಯ ಬಜಾರ್ ರಸ್ತೆಯಲ್ಲಿ ಚಹಾ ಕುಡಿಯುತ್ತ ಕೂತ ಹಳೇ ಡ್ರೈವರುಗಳ ಹತ್ತಿರ ಕಬ್ಬಿಣದ ಮಾತೇ ಬರುವುದಿಲ್ಲ. ಅವರು ನೆನೆಯುವುದು ಸದ್ದನ್ನು.

ಕೊಡಗು, ವಯನಾಡಿನ ಕಾಳುಮೆಣಸು ಲಾರಿಯೇರಿ ಇಲ್ಲಿನ ಗೋದಾಮುಗಳಿಗೆ ಬರುತ್ತಿತ್ತು. ಯೆಹೂದಿ ಬೀದಿಯಲ್ಲಿ 1957ರಲ್ಲಿ ಹುಟ್ಟಿದ ವ್ಯಾಪಾರಿ ಸಂಘದ ಕಟ್ಟಡದಲ್ಲಿ ದರ ಕೂಗುತ್ತಿದ್ದರು. ಮೈಸೂರು ಕಡೆಯಿಂದ ಹೊರಟವರಿಗೆ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ಆಮೇಲೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು.

ಲಾರಿ ಅಂದರೆ ಆಗ ಬೆಂಜ್. 1954ರಲ್ಲಿ ಟಾಟಾ ಬಳಗದ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ತಯಾರಿಸಿದ ಗಾಡಿ. 1969ರಲ್ಲಿ ಒಪ್ಪಂದ ಮುಗಿಯಿತು, ಮೂತಿಯ ಮೇಲಿನ ನಕ್ಷತ್ರ ಹೋಯಿತು. ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಬೆಂಜೇ. ಲೇಲ್ಯಾಂಡ್ ಕಾಮೆಟ್‌ ಲಾರಿಯ ಪಕ್ಷದವರು ಇದಕ್ಕೆ ಮುಖ ಸಿಂಡರಿಸಬಹುದು. ನನ್ನ ಓಟು ಟಾಟಾ 1210 ಎಸ್‌ಇಗೆ. ಮುಂದೆ ಬಾನೆಟ್ ಎತ್ತಿದರೆ ಎಂಜಿನ್ ಕೈಗೆ ಸಿಗುತ್ತಿತ್ತು, ರಿಪೇರಿ ಬಲ್ಲವರು ಹೆದ್ದಾರಿಯುದ್ದಕ್ಕೂ ಸಿಗುತ್ತಿದ್ದರು.

ಆದರೆ ಗೇರು ಹಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಈಗಿನ ಗೇರ್‌ಬಾಕ್ಸಿನಲ್ಲಿ ಹಲ್ಲುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ ಒಳಗೇ ಇದೆ. ಹಳೇ ಗಾಡಿಯಲ್ಲಿ ಆ ಹೊಂದಾಣಿಕೆ ಡ್ರೈವರನದು. ಏರಿನಲ್ಲಿ ಗೇರು ಇಳಿಸಬೇಕೆಂದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ತುಳಿದು, ಎಂಜಿನ್ನಿನ ಸದ್ದು ಬೇಕಾದ ಮಟ್ಟಕ್ಕೆ ಏರಿದೊಡನೆ ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ತಳ್ಳಬೇಕು. ಇದೇ ಡಬಲ್ ಕ್ಲಚ್. ಸ್ವಲ್ಪ ತಡವಾದರೆ ಕರಕರ ಸದ್ದು. ಪೂರ್ತಿ ತಪ್ಪಿದರೆ ಲಾರಿ ನ್ಯೂಟ್ರಲ್ಲಿನಲ್ಲೇ ಹಿಂದಕ್ಕೆ ಜಾರುತ್ತದೆ. ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು ಹಿಡಿದು ಕ್ಲೀನರ್ ಹಿಂದೆ ಹಿಂದೆ ಓಡುತ್ತಿದ್ದುದು ಅದಕ್ಕೇ. ಮೀಟರು ನೋಡುತ್ತ ಕೂರಲು ಪುರುಸೊತ್ತೆಲ್ಲಿ? ಎಲ್ಲ ಕಿವಿಯ ಲೆಕ್ಕ. ನಮ್ಮ ಕಡೆಯ ಹಿರಿಯ ಡ್ರೈವರೊಬ್ಬರು ಪಕ್ಕದ ಮಲಯಾಳಿ ಗೆಳೆಯನಿಗೆ ಬಾಯಲ್ಲೇ ಆ ಎಂಜಿನ್ ಓಡಿಸಿ ತೋರಿಸಿದರು. ಆತ ‘ಇನ್ನೂ ಸ್ವಲ್ಪ ತುಳಿ ಅಣ್ಣಾ’ ಎಂದು ತಿದ್ದಿದ!

ಲೋಡಿನೊಂದಿಗೆ ಇಳಿಯುವುದು ಇನ್ನೂ ಕಷ್ಟ. ಬ್ರೇಕನ್ನೇ ನಂಬಿದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಎಲ್ಲ ಗುರುಗಳೂ ಕಲಿಸಿದ ಪಾಠ. ಪವರ್ ಸ್ಟೀರಿಂಗ್ ಇಲ್ಲದ ಆ ಗಾಡಿಯನ್ನು ಬಜಾರ್ ರಸ್ತೆಯ ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು.

2011ರಲ್ಲಿ ಇಲ್ಲೇ ಹತ್ತಿರದ ವಲ್ಲಾರ್‌ಪಾಡಂನಲ್ಲಿ ಕಂಟೇನರ್ ಟರ್ಮಿನಲ್ ತೆರೆಯಿತು. ಉದ್ದನೆಯ ಟ್ರೇಲರುಗಳಿಗೆ ಮಟ್ಟಾಂಚೇರಿಯ ಓಣಿಗಳಲ್ಲಿ ಕೆಲಸವಿಲ್ಲ. ಗಾಡಿಗಳೂ ಬದಲಾಗಿವೆ. 2025ರಿಂದ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ‘ಗಾಜು ಏರಿಸಿಕೊಂಡು ಕೂತರೆ ಗಾಡಿ ಏನು ಹೇಳ್ತದೆ ಅಂತ ಹೆಂಗೆ ಗೊತ್ತಾಗ್ತದೆ ಸಾರ್?’ ಎಂದು ನಮ್ಮ ಹಿರಿಯರು ಕೇಳಿದರು. ಮೇ ತಿಂಗಳ ಮಧ್ಯಾಹ್ನ ಕಾದ ಎಂಜಿನ್ನಿನ ಪಕ್ಕ ಕೂತು ಪಾಲಕ್ಕಾಡು ದಾಟುವಾಗ ಗಾಡಿ ಏನು ಹೇಳುತ್ತಿತ್ತು ಎಂದೆ. ‘ಅದು ಬಿಡಿ, ಆಗ ನಾನೇ ಅದಕ್ಕೆ ಬಯ್ತಿದ್ದೆ’ ಎಂದು ಇನ್ನೊಂದು ಚಹಾಕ್ಕೆ ಹೇಳಿದರು.