ರೂಲ್ ಹಾಕಿದ ಮೇಲೆ ಓದುವವರು ಯಾರು?

ಆಫೀಸಿಗೆ ಸೇರಿದ ಹೊಸಬರಿಗೆ ಮೊದಲ ದಿನ ಲ್ಯಾಪ್‌ಟಾಪ್ ಸಿಗುತ್ತದೆ, ಮೊದಲ ವಾರದೊಳಗೆ ಒಂದು ಉಪದೇಶ ಸಿಗುತ್ತದೆ: "ಔಟ್‌ಲುಕ್‌ನಲ್ಲಿ ರೂಲ್ ಹಾಕ್ಕೊಳ್ಳಿ ಮಾರಾಯ್ರೆ, ಇಲ್ಲಾಂದ್ರೆ ಮುಳುಗಿ ಹೋಗ್ತೀರಿ." ಕೊಟ್ಟಾರವಿರಲಿ, ಮುಡಿಪು ಇರಲಿ, ಬೆಂಗಳೂರಿನ ಔಟರ್ ರಿಂಗ್ ರೋಡ್ ಇರಲಿ, ಉಪದೇಶ ಒಂದೇ. ಮ್ಯಾನೇಜರ್ ಕಳಿಸಿದ್ದಕ್ಕೆ ಒಂದು ಫೋಲ್ಡರ್, ಕ್ಲೈಂಟಿಗೆ ಒಂದು, ಎಚ್‌ಆರ್‌ಗೆ ಒಂದು, ಸರ್ವರ್ ಅಲರ್ಟುಗಳಿಗೆ ಒಂದು. ಹತ್ತು ನಿಮಿಷದ ಕೆಲಸ. ಮುಗಿದಾಗ ಇನ್‌ಬಾಕ್ಸು ಗುಡಿಸಿ ಸಾರಿಸಿದ ಅಂಗಳದ ಹಾಗೆ ಕಾಣುತ್ತದೆ. ನನ್ನ ತಕರಾರು ಇರುವುದು ಈ ಅಂಗಳದ ಬಗ್ಗೆಯೇ. ಗುಡಿಸಿದ್ದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ರೂಲ್ ಮಾಡುವುದಾದರೂ ಏನು? ಇಮೇಲ್ ಬಂದ ಕೂಡಲೇ ಕಳಿಸಿದವರು ಯಾರು, 'ಟು'ನಲ್ಲಿ ಯಾರಿದ್ದಾರೆ, 'ಸಿಸಿ'ಯಲ್ಲಿ ಯಾರಿದ್ದಾರೆ, ಸಬ್ಜೆಕ್ಟಿನಲ್ಲಿ ಯಾವ ಪದ ಉಂಟು ಅಂತ ನೋಡುತ್ತದೆ. ತಾಳೆಯಾದರೆ ಹೇಳಿದ ಜಾಗಕ್ಕೆ ಸಾಗಿಸುತ್ತದೆ. ಓದುವುದಿಲ್ಲ, ಅಕ್ಷರ ಹೋಲಿಸುತ್ತದೆ ಅಷ್ಟೇ. ನಮ್ಮೂರಲ್ಲಿ ಇದರ ಫಜೀತಿ ಬೇಗ ಗೊತ್ತಾಗುತ್ತದೆ. ರೈ ಅನ್ನುವ ಅಡ್ಡಹೆಸರಿನವರು ಇಲ್ಲಿ ಆಫೀಸಿಗೆ ನಾಲ್ಕೈದು ಜನ ಇದ್ದೇ ಇರುತ್ತಾರೆ. ಸಬ್ಜೆಕ್ಟಿನಲ್ಲಿ ಇಂಗ್ಲಿಷಿನ ಆರ್, ಎ, ಐ ಮೂರಕ್ಷರ ಕಂಡರೆ 'ರೈಯವರ ಪ್ರಾಜೆಕ್ಟ್' ಫೋಲ್ಡರಿಗೆ ಹಾಕು ಅಂತ ಔಟ್‌ಲುಕ್‌ಗೆ ಹೇಳಿ ನೋಡಿ. ಟ್ರೈನಿಂಗ್ ಅನ್ನುವ ಪದದ ಸ್ಪೆಲ್ಲಿಂಗ್ ಹೊಟ್ಟೆಯೊಳಗೂ ಅದೇ ಮೂರಕ್ಷರ ಉಂಟು. ಕಡ್ಡಾಯ ಟ್ರೈನಿಂಗುಗಳೆಲ್ಲ ರೈಯವರ ಮನೆಗೆ ಹೋಗುತ್ತವೆ. ಮೇಲ್ ಸರ್ವರಿನಲ್ಲಿ ಇಂಥ ವಿಂಗಡಣೆ ಬರೆಯಲಿಕ್ಕೆಂದೇ 2001ರಲ್ಲಿ ಆರ್‌ಎಫ್‌ಸಿ 3028 ಎಂಬ ದಾಖಲೆಯಲ್ಲಿ ಒಂದು ಪುಟ್ಟ ಭಾಷೆ ಬಂತು. ಅದರ ಹೆಸರು ಸೀವ್, ಅಂದರೆ ಜರಡಿ. ಹೆಸರಿಟ್ಟವರು ಪ್ರಾಮಾಣಿಕರು. ಜರಡಿಗೆ ಗಾತ್ರ ಗೊತ್ತು, ಅಕ್ಕಿಯಷ್ಟೇ ದಪ್ಪದ ಕಲ್ಲು ಗೊತ್ತಾಗುವುದಿಲ್ಲ. ಅದನ್ನು ಹೆಕ್ಕಲಿಕ್ಕೆ ಗೆರಸೆ ಹಿಡಿದು ಕೂತವರ ಕಣ್ಣೇ ಬೇಕು.

ಇದೆಲ್ಲ ತಮಾಷೆ. ತಮಾಷೆಯಲ್ಲದ್ದು ಇನ್ನೊಂದು. ನಾನು ಸೇರುವ ಮೊದಲು ಒಂದು ಟೀಮಿನಲ್ಲಿ ನಡೆದದ್ದಿದು. ಸರ್ವರಿನ ಡಿಸ್ಕ್ 80 ಶೇಕಡಾ ತುಂಬಿದರೆ ಟೀಮಿನ ಏಳೂ ಜನರಿಗೆ ಅಲರ್ಟ್ ಬರುತ್ತಿತ್ತು. 80 ತುಂಬುವುದು ಅಲ್ಲಿ ಮಾಮೂಲು, ಹಾಗಾಗಿ ದಿನಕ್ಕೆ ಹತ್ತಾರು ಸಲ ಬರುತ್ತಿತ್ತು. ಏಳು ಜನರೂ ಒಬ್ಬೊಬ್ಬರಾಗಿ ರೂಲ್ ಹಾಕಿಕೊಂಡರು. ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರಿಗೆ ಹೋದದ್ದನ್ನು ಔಟ್‌ಲುಕ್ ಸಾಧಾರಣವಾಗಿ ಪರದೆಯ ಮೂಲೆಯಲ್ಲಿ ಇಣುಕಿಸಿ ತೋರಿಸುವುದಿಲ್ಲ. 80, 82, 91 ಆಗಿ ಒಂದು ಶನಿವಾರ 100 ಆಯಿತು. ಯಂತ್ರ ಪ್ರತಿ ಹೆಜ್ಜೆಗೂ ಹೇಳಿತ್ತು. ಏಳು ಜನರಲ್ಲಿ ಪ್ರತಿಯೊಬ್ಬರೂ ಉಳಿದ ಆರು ಜನ ನೋಡುತ್ತಾರೆ ಅಂದುಕೊಂಡಿದ್ದರು. ಅಚ್ಚರಿಯೆಂದರೆ ಯಾರೂ ಇನ್ನೊಬ್ಬರಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ರೂಲ್ ಅನ್ನುವುದೇ ಖಾಸಗಿ ಸಂಗತಿ. ನೀವು ನನ್ನ ಮಾತನ್ನು ಕೇಳಿಸಿಕೊಳ್ಳುವುದು ಬಿಟ್ಟು ಎಷ್ಟು ತಿಂಗಳಾಯಿತು ಅಂತ ನನಗೆ ಗೊತ್ತಾಗುವ ದಾರಿಯೇ ಇಲ್ಲ.

ಈ ಉಪದೇಶದಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚುವುದು 'ಬಾಸ್‌ಗೆ ಕೆಂಪು ಬಣ್ಣ' ಅನ್ನುವ ಭಾಗ. ಮೇಲಿನವರದ್ದು ಮೇಲೆ, ಟೀಮಿನ ಗ್ರೂಪ್ ವಿಳಾಸಕ್ಕೆ ಬಂದದ್ದು ಕೆಳಗಿನ ಫೋಲ್ಡರಿಗೆ. ಈ ಗ್ರೂಪ್ ವಿಳಾಸಕ್ಕೆ ಬರೆಯುವವರು ಯಾರು? ಯಾರನ್ನು ಕೇಳಬೇಕೆಂದು ಗೊತ್ತಿಲ್ಲದವರು. ಮೊನ್ನೆ ಸೇರಿದ ಟ್ರೈನಿ, ಕಾಂಟ್ರಾಕ್ಟಿನ ಟೆಸ್ಟರ್, ಇನ್ನೊಂದು ಊರಿನಲ್ಲಿ ರಾತ್ರಿ ಪಾಳಿಯಲ್ಲಿರುವ ಸಪೋರ್ಟಿನವರು. ಹೆಸರು ಹಿಡಿದು ಬರೆಯುವಷ್ಟು ಪರಿಚಯ ಅವರಿಗೆ ಇರುವುದಿಲ್ಲ. ಮೊದಲಾದರೆ ಸೀಟಿನ ಹತ್ತಿರ ಬಂದು ನಿಲ್ಲುತ್ತಿದ್ದರು, ನಾವು ತಲೆ ಎತ್ತಲೇಬೇಕಿತ್ತು. 2020ರ ನಂತರ ಅರ್ಧ ಆಫೀಸು ಮನೆಯಲ್ಲಿ ಕೂತ ಮೇಲೆ ಆ ಎರಡು ಸಾಲಿನ ಇಮೇಲೇ ಅವರು ಬಂದು ನಿಲ್ಲುವ ಜಾಗ. ಅದನ್ನು ಓದದ ಸಾವಿರ ಸಂದೇಶಗಳ ಕೆಳಗೆ ತಳ್ಳಿ, ಇದಕ್ಕೆ ಪ್ರೊಡಕ್ಟಿವಿಟಿ ಅಂತ ಹೆಸರಿಟ್ಟಿದ್ದೇವೆ. ಜಿಮೇಲ್ 2010ರಲ್ಲಿ ತಂದ ಪ್ರಯಾರಿಟಿ ಇನ್‌ಬಾಕ್ಸ್ ರೂಲ್ ಹಾಕುವ ಕಷ್ಟವನ್ನೂ ತಪ್ಪಿಸಿತು. ನೀವು ಯಾರದ್ದನ್ನು ಹೆಚ್ಚು ತೆರೆಯುತ್ತೀರಿ, ಯಾರಿಗೆ ಹೆಚ್ಚು ಉತ್ತರ ಬರೆಯುತ್ತೀರಿ ಅಂತ ನೋಡಿ ತಾನೇ ಊಹಿಸುತ್ತದೆ. ನಮ್ಮ ಅಭ್ಯಾಸವನ್ನು ಕಲಿತು ನಮಗೇ ವಾಪಸು ಬಡಿಸುವುದರಲ್ಲಿ ಅಂಥ ಜಾಣತನ ಏನು ಅಂತ ನನಗೆ ಇನ್ನೂ ಹೊಳೆದಿಲ್ಲ.

ಪುತ್ತೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಗಳು ಸಾಲಾಗಿ ಇಲ್ಲ, ಒಂದೊಂದು ತೋಟದ ನಡುವೆ ಒಂದೊಂದು. ಪೋಸ್ಟ್‌ಮ್ಯಾನ್ ಎಲ್ಲ ಗುಡ್ಡ ಹತ್ತಲಾರದೆ ರಸ್ತೆ ಬದಿಯ ಅಂಗಡಿಯಲ್ಲಿ ಕಟ್ಟು ಇಟ್ಟು ಹೋಗುತ್ತಿದ್ದರು. ಸೊಸೈಟಿಯ ಮಹಾಸಭೆಯ ನೋಟಿಸು ಇದ್ದರೆ ಅಂಗಡಿಯವರು ಅಕ್ಕಿ ಮೂಟೆಯ ಮೇಲೆ ಬಿಸಾಡುತ್ತಿದ್ದರು, ಅವರವರು ಬಂದಾಗ ತೆಗೆದುಕೊಂಡರೆ ಸಾಕು. ಮುಂಬೈ ಹೋಟೆಲಿನಲ್ಲಿದ್ದ ಮಗನ ಕಾಗದ ಬಂದರೆ ಶಾಲೆಯಿಂದ ಬರುವ ನಮ್ಮನ್ನು ಕರೆದು, "ಇದು ಈಗಲೇ ಕೊಡ್ಬೇಕು, ಆಟಕ್ಕೆ ನಿಲ್ಬೇಡ" ಅನ್ನುತ್ತಿದ್ದರು. ಆ ಮನೆಯ ಅಜ್ಜಿ ಎರಡು ತಿಂಗಳಿಂದ ವಿಚಾರಿಸುತ್ತಿರುವುದು ಅವರಿಗೆ ಗೊತ್ತಿತ್ತು. (ಊರಿನ ಎಲ್ಲರ ಗುಟ್ಟೂ ಗೊತ್ತಿತ್ತು, ಅದೂ ನಿಜ. ಪ್ರೈವಸಿ ಅನ್ನುವ ಶಬ್ದ ಆಗ ನಮ್ಮ ಗುಡ್ಡ ಹತ್ತಿರಲಿಲ್ಲ.) ಅವರು ವಿಂಗಡಿಸುತ್ತಿದ್ದದ್ದು ಯಾರು ಬರೆದರು ಅಂತ ನೋಡಿ ಅಲ್ಲ, ಯಾರು ಕಾಯುತ್ತಿದ್ದಾರೆ ಅಂತ ನೋಡಿ. ಇಮೇಲ್ ರೂಲಿನ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಈ ಒಂದು ಷರತ್ತು ಸಿಗುವುದಿಲ್ಲ.

ಅಂಚೆ ಇಲಾಖೆಗೂ ಆ ಷರತ್ತು ಗೊತ್ತಿರಲಿಲ್ಲ, ಆದರೆ ಅದು ಗೊತ್ತಿದೆ ಅಂತ ನಟಿಸಲಿಲ್ಲ. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡಿನಲ್ಲಿ 575001 ಅಂದರೆ ಮಂಗಳೂರು. ಮೊದಲ 3 ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ 3 ಬಟವಾಡೆಯ ಕಚೇರಿ. ಎಲ್ಲಿಗೆ ಅಂತ ಹೇಳುತ್ತದೆ, ಎಷ್ಟು ಮುಖ್ಯ ಅಂತ ಹೇಳುವುದಿಲ್ಲ. ಮುಖ್ಯ ಅಂತ ಹೇಳಬೇಕಾದರೆ ಬರೆದವರೇ ರಿಜಿಸ್ಟರ್ ಮಾಡಿ ಹೆಚ್ಚಿನ ಸ್ಟ್ಯಾಂಪಿನ ದುಡ್ಡು ಕೊಡಬೇಕಿತ್ತು. ನಮ್ಮಲ್ಲಿ ಕೆಂಪು ಆಶ್ಚರ್ಯಸೂಚಕ ಪುಕ್ಕಟೆ, 'ಆಲ್' ಗ್ರೂಪಿಗೆ ಒತ್ತುವುದು ಪುಕ್ಕಟೆ, ಸಾಕ್ಷಿಗೆಂದು ಹದಿನೈದು ಜನರನ್ನು ಸಿಸಿ ಮಾಡುವುದೂ ಪುಕ್ಕಟೆ. ಖರ್ಚೆಲ್ಲ ಓದುವವರ ಮೇಲೆ. ಎಲ್ಲರೂ ತಮ್ಮ ತಮ್ಮ ರೂಲ್ ಹಾಕಿಕೊಂಡು ಸುಮ್ಮನಾದ ಕಾರಣ ಕಳಿಸುವವರಿಗೆ ಕಡಿಮೆ ಕಳಿಸಲು ಯಾವ ಕಾರಣವೂ ಉಳಿದಿಲ್ಲ. ಸೋರುವ ನಲ್ಲಿಯ ಕೆಳಗೆ ದಿನಾ ದೊಡ್ಡ ಬಕೆಟ್ ಇಡುವ ಬುದ್ಧಿವಂತಿಕೆ ಇದು.

ರೂಲೇ ಬೇಡ ಅನ್ನುವಷ್ಟು ಹಟ ನನಗಿಲ್ಲ. ನನ್ನಲ್ಲಿ ಎರಡುಂಟು. ಮೀಟಿಂಗಿಗೆ ಬರುತ್ತೇನೆ ಅಂತ ಒಪ್ಪಿದವರ ಸೂಚನೆಗಳಿಗೆ ಒಂದು, ಸರಿಯಾಗಿ ಮುಗಿದ ಬಿಲ್ಡುಗಳ ಸೂಚನೆಗಳಿಗೆ ಇನ್ನೊಂದು. ಎರಡರಲ್ಲೂ ಆ ಕಡೆ ಯಾರೂ ಕಾಯುತ್ತಿಲ್ಲ. ಡಿಸ್ಕ್ ಅಲರ್ಟಿನ ವಿಷಯಕ್ಕೆ ಬೇರೆ ದಾರಿ ಹಿಡಿದೆವು. 80ರ ಅಲರ್ಟ್ ನಿಲ್ಲಿಸಿ, 90 ದಾಟಿದರೆ ಮಾತ್ರ ಆ ವಾರ ಡ್ಯೂಟಿಯಲ್ಲಿರುವ ಒಬ್ಬರಿಗೆ ಹೆಸರು ಹಿಡಿದು ಕಳಿಸಿ ಅಂತ ಮಾನಿಟರಿಂಗಿನವರಿಗೆ ಬರೆದೆ. ಉತ್ತರ ಬರಲು ಮೂರು ವಾರ ಹಿಡಿಯಿತು. ನಮ್ಮ ಟೀಮಿನಿಂದ ಬಂದದ್ದನ್ನೆಲ್ಲ ಒಂದು ಫೋಲ್ಡರಿಗೆ ಸಾಗಿಸುವ ರೂಲ್ ಅವರಲ್ಲಿ ಇತ್ತಂತೆ.