ಹತ್ತುವಾಗಲೇ ಓದಬೇಕಾದ ರಸ್ತೆ

ಝೂರಿಕ್‌ನ ಕುನ್ಸ್ಟ್‌ಹೌಸ್ ಕಲಾಸಂಗ್ರಹಾಲಯದಲ್ಲಿ ರುಡಾಲ್ಫ್ ಕೊಲ್ಲರ್ 1873ರಲ್ಲಿ ಬರೆದ ಒಂದು ದೊಡ್ಡ ತೈಲಚಿತ್ರವಿದೆ, ‘ಗೊಟ್‌ಹಾರ್ಡ್ ಟಪಾಲು’. ಘಾಟಿಯ ತಿರುವು ದಾಟಿ ಕುದುರೆಗಾಡಿಯೊಂದು ಇಳಿಜಾರಿನಲ್ಲಿ ನುಗ್ಗಿ ಬರುತ್ತಿದೆ. ದಿಕ್ಕೆಟ್ಟ ಕರುವೊಂದು ಕುದುರೆಗಳ ಮುಂದೆ ಓಡುತ್ತಿದೆ. ಹಿಂದೆಲ್ಲ ದೂಳು. ಚಿತ್ರದಲ್ಲಿರುವುದು ಸ್ವಿಟ್ಜರ್ಲೆಂಡಿನ ಗೊಟ್‌ಹಾರ್ಡ್ ಘಾಟಿ. ಅದರ ದಕ್ಷಿಣದ ಮೈಯಲ್ಲಿ ಐರೋಲೊ ಊರಿನಿಂದ ಮೇಲೆ ಹತ್ತುವ ಹಳೆಯ ದಾರಿಯ ಹೆಸರು ತ್ರೆಮೋಲಾ. ಅದನ್ನು ಸೈಕಲ್ಲಿನಲ್ಲಿ ಹತ್ತಿ ಬಂದ ಮೇಲೆ ನಾನು ಈ ಚಿತ್ರದ ಎದುರು ನಿಂತೆ. ಕಣ್ಣು ಕುದುರೆಗಳ ಮೇಲಾಗಲಿ ಕರುವಿನ ಮೇಲಾಗಲಿ ನಿಲ್ಲಲಿಲ್ಲ, ನೆಟ್ಟದ್ದು ಆ ದೂಳಿನ ಮೇಲೆ. ನಾನು ಹತ್ತಿದ ರಸ್ತೆಗೆ ಗ್ರಾನೈಟ್ ಕಲ್ಲು ಹಾಸಿತ್ತು. ಅಲ್ಲಿ ಇಷ್ಟು ದೂಳು ಏಳುವುದು ಹೇಗೆ?

ಉತ್ತರ ಸರಳ. ಕೊಲ್ಲರ್‌ ಕಾಲದಲ್ಲಿ ಆ ಕಲ್ಲುಹಾಸು ಇರಲಿಲ್ಲ. ತಿಚೀನೊ ಪ್ರಾಂತ್ಯದ ಇಂಜಿನಿಯರ್ ಫ್ರಾಂಚೆಸ್ಕೊ ಮೆಸ್ಕೀನಿ 1827ರಿಂದ 1832ರ ನಡುವೆ ಕಟ್ಟಿಸಿದ್ದು ಗಾಡಿಗಳಿಗೆಂದು ಜಲ್ಲಿ ಬಡಿದ ರಸ್ತೆ. ಇಂದು ಲೋಕದ ಸೈಕಲ್ ಸವಾರರೆಲ್ಲ ‘ಪುರಾತನ ಕಲ್ಲುಹಾದಿ’ ಎಂದು ಕೊಂಡಾಡುವ ಹಾಸು ಮೋಟಾರು ಬಂದ ಮೇಲೆ, 20ನೇ ಶತಮಾನದಲ್ಲಿ ಕೂರಿಸಿದ್ದು. ಇದನ್ನು ಹೇಳುವುದು ರಸ್ತೆಯ ಮಾನ ಕಳೆಯಲಿಕ್ಕಲ್ಲ. ಮೆಚ್ಚುಗೆ ತಪ್ಪು ಜಾಗಕ್ಕೆ ಹೋಗುತ್ತಿದೆ ಎಂಬುದು ನನ್ನ ತಕರಾರು. ತ್ರೆಮೋಲಾದ ದೊಡ್ಡಸ್ತಿಕೆ ಅದರ ಕಲ್ಲಿನ ವಯಸ್ಸಿಗಿಂತ ಹೆಚ್ಚಾಗಿ ಅದರ ಗೆರೆಯಲ್ಲಿದೆ, ಗುಡ್ಡದ ಮೈಮೇಲೆ ಅದು ಹರಿದ ರೀತಿಯಲ್ಲಿದೆ.

ಐರೋಲೊ ಸಮುದ್ರಮಟ್ಟದಿಂದ ಸುಮಾರು 1,175 ಮೀಟರ್ ಎತ್ತರದಲ್ಲಿದೆ, ಘಾಟಿಯ ನೆತ್ತಿ 2,106 ಮೀಟರ್. ನಡುವಿನ ದಾರಿ ಹನ್ನೆರಡು ಹದಿಮೂರು ಕಿಲೋಮೀಟರ್, ಸರಾಸರಿ ಏರು ಶೇ. 7ಕ್ಕಿಂತ ತುಸು ಹೆಚ್ಚು. ಆಲ್ಪ್ಸ್‌ನ ಲೆಕ್ಕದಲ್ಲಿ ಇದು ಭೀಕರ ಚಡಾವೇನಲ್ಲ. ಬೆಲ್ಜಿಯಂನ ಕೊಪ್ಪೆನ್‌ಬರ್ಗ್ ಎಂಬ ಕಲ್ಲುದಿಣ್ಣೆಯ ಉದ್ದ 600 ಮೀಟರ್ ಅಷ್ಟೇ, ಆದರೆ ಏರು ಶೇ. 22ರವರೆಗೆ ಹೋಗುತ್ತದೆ, ಪಳಗಿದ ಸವಾರರೂ ಅಲ್ಲಿ ಇಳಿದು ಸೈಕಲ್ಲು ತಳ್ಳುತ್ತಾರೆ. ತ್ರೆಮೋಲಾ ಹಾಗೆ ಯಾರನ್ನೂ ಕೆಳಗಿಳಿಸುವುದಿಲ್ಲ. ಇಳಿಸಬಾರದು ಎಂದೇ ಅದನ್ನು ಕಟ್ಟಿದ್ದು. ತುಂಬಿದ ಗಾಡಿ ಎಳೆಯುವ ಕುದುರೆಗೆ ಒಂದೇ ಹದದ ಏರು ಬೇಕು. ಒಮ್ಮೆ ಕಡಿದಾಗಿ ಒಮ್ಮೆ ಸಪಾಟಾದರೆ ಅದರ ಉಸಿರಿನ ಲಯ ತಪ್ಪುತ್ತದೆ. ಮೆಸ್ಕೀನಿ ಕುದುರೆಯ ಎದೆಗೂಡಿಗೆ ಹೊಂದುವಂತೆ ಹಾಕಿದ ಲೆಕ್ಕ ಎರಡು ಶತಮಾನದ ಹತ್ತಿರ ಬಂದ ಮೇಲೂ ಸವಾರನ ಎದೆಗೂಡಿಗೆ ಹೊಂದುತ್ತದೆ. ಕಾರಿನಲ್ಲಿ ಕೂತವನಿಗೆ ಇದು ತಿಳಿಯುವ ದಾರಿಯೇ ಇಲ್ಲ, ಅವನ ಏರನ್ನು ಇಂಜಿನ್ನು ನುಂಗಿಬಿಡುತ್ತದೆ.

ಕೆಳಗಿನ ಭಾಗದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹುಲ್ಲುಗಾವಲು, ಹೊಸ ಹೆದ್ದಾರಿಯ ಕಾಂಕ್ರೀಟ್ ಕಂಬಗಳು, ಮೋಟಾರ್ ಬೈಕುಗಳ ಸದ್ದು. ಆದರೆ ಹೊರಡುವ ಮುನ್ನ ಐರೋಲೊ ರೈಲು ನಿಲ್ದಾಣದ ಬಳಿ ಐದು ನಿಮಿಷ ನಿಲ್ಲಲೇಬೇಕು. ವಿಂಚೆನ್ಜೊ ವೇಲಾ ರಚಿಸಿದ ‘ದುಡಿಮೆಯ ಬಲಿಗಳು’ ಎಂಬ ಉಬ್ಬುಶಿಲ್ಪ ಅಲ್ಲಿ ಕಂಚಿನಲ್ಲಿದೆ. ಸುರಂಗದಲ್ಲಿ ಸತ್ತ ಕೂಲಿಯೊಬ್ಬನನ್ನು ಸಂಗಡಿಗರು ಚಟ್ಟದ ಮೇಲೆ ಹೊತ್ತು ತರುತ್ತಿದ್ದಾರೆ. 1882ರಲ್ಲಿ ತೆರೆದ ಹದಿನೈದು ಕಿಲೋಮೀಟರಿನ ಗೊಟ್‌ಹಾರ್ಡ್ ರೈಲು ಸುರಂಗ ಇನ್ನೂರರಷ್ಟು ಜನರನ್ನು ತಿಂದಿತು. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಆ ಸುರಂಗದೊಳಗೇ ಕುಸಿದು ಸತ್ತ. ಟಪಾಲು ಗಾಡಿಯ ಕಾಲ ಮುಗಿಸಿದ್ದು ಈ ಸುರಂಗವೇ. ಕೊಲ್ಲರ್‌ ಚಿತ್ರವನ್ನು ಬರೆಸಿದ್ದು ಒಂದು ರೈಲ್ವೆ ಕಂಪನಿ, ಆಲ್ಫ್ರೆಡ್ ಎಷರ್ ಅವರಿಗೆ ಬೀಳ್ಕೊಡುಗೆ ಕಾಣಿಕೆಯಾಗಿ. ಗೊಟ್‌ಹಾರ್ಡ್ ರೈಲುಮಾರ್ಗದ ಹಿಂದಿನ ಶಕ್ತಿಯೂ ಅದೇ ಎಷರ್. ಕುದುರೆಗಾಡಿಗೆ ಕೊನೆ ಹಾಡಿದವರ ಕೈಗೇ ಕುದುರೆಗಾಡಿಯ ಚಿತ್ರ ಸೇರಿತು. 1980ರಲ್ಲಿ ಕಾರುಗಳಿಗೂ ಹದಿನೇಳು ಕಿಲೋಮೀಟರಿನ ಸುರಂಗ ಬಂತು, ಅದಕ್ಕೂ ಮೊದಲೇ ಬೆಟ್ಟದ ಮೇಲೆ ತ್ರೆಮೋಲಾ ಕಣಿವೆಯನ್ನು ಬಳಸಿ ಹೋಗುವ ಅಗಲವಾದ ಹೊಸ ರಸ್ತೆಯಾಗಿತ್ತು. ಹೀಗೆ ಎಲ್ಲರೂ ಕೈಬಿಟ್ಟದ್ದರಿಂದಲೇ ಹಳೆಯ ದಾರಿ ಉಳಿದುಕೊಂಡಿತು. ಇಂದು ಅಲ್ಲಿ ಸವಾರನಿಗೆ ಸಿಗುವ ಮೌನಕ್ಕೆ ಬೆಟ್ಟದ ಹೊಟ್ಟೆಯಲ್ಲಿ ಸತ್ತವರ ಋಣವೂ ಅಂಟಿದೆ.

ರಸ್ತೆ ತನ್ನ ಗುಣ ತೋರಿಸುವುದು ತ್ರೆಮೋಲಾ ಕಣಿವೆಯ ಒಳಗೆ ಹೊಕ್ಕ ಮೇಲೆ. ಕೊನೆಯ ನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿ ಇಪ್ಪತ್ತನಾಲ್ಕು ಹೇರ್‌ಪಿನ್ ತಿರುವುಗಳು. ಕೆಳಗೆ ನಿಂತು ಕತ್ತೆತ್ತಿದರೆ ದಾರಿ ಕಾಣುವುದಿಲ್ಲ, ಒಂದರ ಮೇಲೊಂದು ಪೇರಿಸಿದ ಕಲ್ಲಿನ ತಡೆಗೋಡೆಗಳು ಮಾತ್ರ ಕಾಣುತ್ತವೆ. ಮೆಟ್ಟಿಲು ಗದ್ದೆಗಳ ಬದುಗಳಂತೆ. ಈ ಗೋಡೆಗಳ ತಲೆಯ ಮೇಲೆ ನಾನು ಹೋಗಬೇಕು ಎಂದು ಹೊಳೆಯುವುದು ಮೂರನೆಯ ಗೋಡೆಯ ಮೇಲೊಂದು ಹೆಲ್ಮೆಟ್ಟು ಸರಿದು ಹೋದಾಗ.

ಕಲ್ಲುಗಳನ್ನು ಹತ್ತಿರದಿಂದ ನೋಡಲೆಂದು ಒಂದು ತಿರುವಿನಲ್ಲಿ ಇಳಿದೆ. ಮುಷ್ಟಿಗಿಂತ ತುಸು ದೊಡ್ಡ ಗ್ರಾನೈಟ್ ತುಂಡುಗಳು, ಬೂದಿ ಬಣ್ಣ, ಅಲ್ಲಲ್ಲಿ ತುಕ್ಕಿನ ಛಾಯೆ. ನೇರ ಸಾಲಿನಲ್ಲಿ ಕೂರಿಸದೆ ಬೀಸಣಿಗೆಯ ಗರಿಗಳಂತೆ ಕಮಾನು ಕಮಾನಾಗಿ ಜೋಡಿಸಿದ್ದಾರೆ. ಸುಮ್ಮನೆ ಚಂದಕ್ಕೆಂದು ಮಾಡಿದ್ದಲ್ಲ. ಕಮಾನಿನಲ್ಲಿ ಕೂತ ಕಲ್ಲು ಪಕ್ಕದ ಕಲ್ಲಿಗೆ ಭಾರ ದಾಟಿಸುತ್ತದೆ, ಚಕ್ರದ ಒತ್ತಡಕ್ಕೆ ಸಾಲಿಗೆ ಸಾಲೇ ಜಾರುವುದಿಲ್ಲ. ವರ್ಷದ ಆರು ತಿಂಗಳ ಆಸುಪಾಸು ಹಿಮದಡಿ ಮಲಗುವ ರಸ್ತೆಗೆ ಇಂಥ ಹಾಸೇ ಬೇಕು. ಬಿರುಕು ಬಿಟ್ಟ ಡಾಂಬರನ್ನು ಒಡೆದು ತೆಗೆಯಬೇಕಾಗುತ್ತದೆ. ಸಡಿಲವಾದ ಕಲ್ಲನ್ನಾದರೆ ಕೈಯಿಂದ ಎತ್ತಿ ಅದೇ ಗುಳಿಯಲ್ಲಿ ಮತ್ತೆ ಕೂರಿಸಬಹುದು. ಆ ತಿರುವಿನಲ್ಲೇ ಎರಡು ಮೊಳ ಅಗಲದ ತೇಪೆಯೊಂದಿತ್ತು. ಸಂದುಗಳಲ್ಲಿ ಪಾಚಿ ಇನ್ನೂ ಹತ್ತಿರಲಿಲ್ಲ. ತೇಪೆಯಲ್ಲೂ ಕಮಾನಿನ ಬಾಗು ಕೆಟ್ಟಿರಲಿಲ್ಲ. ಅದನ್ನು ಕೂರಿಸಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಇನ್ನು ಸೈಕಲ್ಲಿನ ಮಾತು. ಫ್ರಾನ್ಸಿನ ಪ್ಯಾರಿಸ್–ರೂಬೇ ಪಂದ್ಯದ ಕಲ್ಲುಹಾದಿಗಳಿಗೆ ಇದನ್ನು ಹೋಲಿಸುವ ಚಾಳಿ ಸವಾರರಲ್ಲಿದೆ. ಹೋಲಿಕೆ ಎರಡು ಕಡೆ ತಪ್ಪುತ್ತದೆ. ರೂಬೇಯ ಕಲ್ಲುಗಳು ದೊಡ್ಡವು, ಎದ್ದು ಬಿದ್ದಿರುತ್ತವೆ, ತ್ರೆಮೋಲಾದವು ಬಿಗಿಯಾಗಿ ಕೂತಿವೆ. ಅಲ್ಲಿ ಸವಾರ ಸಪಾಟಿನಲ್ಲಿ ರಭಸದಿಂದ ನುಗ್ಗುತ್ತಾನೆ, ವೇಗ ಇದ್ದಷ್ಟೂ ಚಕ್ರ ಕಲ್ಲಿನ ತಲೆಯಿಂದ ತಲೆಗೆ ತೇಲುತ್ತದೆ. ಏರಿನಲ್ಲಿ ಗಂಟೆಗೆ ಒಂಬತ್ತು ಹತ್ತು ಕಿಲೋಮೀಟರ್ ಹೋಗುವವನಿಗೆ ಆ ತೇಲಾಟ ಎಲ್ಲಿಂದ ಬರಬೇಕು? ಪ್ರತಿ ಸಂದಿಗೂ ಚಕ್ರ ಒಂದು ಕೂದಲೆಳೆ ಇಳಿದು ಮತ್ತೆ ಏರುತ್ತದೆ, ಪ್ರತಿ ಸಲವೂ ಕಾಲಿನಿಂದ ಒಂದಿಷ್ಟು ಕಸುವು ಕಸಿಯುತ್ತದೆ. ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರದ ಭಾರ ಹಗುರಾಗಿ ಹಿಡಿತ ತಪ್ಪುತ್ತದೆ, ಕಲ್ಲು ಒದ್ದೆಯಿದ್ದರಂತೂ ಚಕ್ರ ನಿಂತಲ್ಲೇ ತಿರುಗುತ್ತದೆ. ಕೂತೇ ಹತ್ತಬೇಕು. ಚಿಕ್ಕ ಗೇರಿನಲ್ಲಿ, ಮೊಣಕೈ ಸಡಿಲ ಬಿಟ್ಟು, ಹ್ಯಾಂಡಲನ್ನು ಹಕ್ಕಿಮರಿ ಹಿಡಿದಷ್ಟೇ ಮೆತ್ತಗೆ ಹಿಡಿದು. ನಾನು 28 ಮಿಲಿಮೀಟರಿನ ಟೈರು ಹಾಕಿದ್ದೆ, ಗಾಳಿ ತುಸು ಹೆಚ್ಚೇ ತುಂಬಿಸಿದ್ದೆ. ಎಂಟನೆಯ ತಿರುವಿನಲ್ಲಿ ನಿಂತು ಎರಡೂ ಚಕ್ರದಿಂದ ಒಂದಷ್ಟು ಗಾಳಿ ಬಿಟ್ಟೆ. ಅಲ್ಲಿಂದ ಮುಂದೆ ಅದೇ ರಸ್ತೆ ನನ್ನೊಡನೆ ಬೇರೆ ದನಿಯಲ್ಲಿ ಮಾತಾಡಿತು.

ತಿರುವುಗಳು ಒಂದೊಂದೂ ಒಂದು ಪಾಠ. ಒಳಮಗ್ಗುಲು ಕಡಿದು, ಹೊರಮಗ್ಗುಲು ಹೆಚ್ಚುಕಡಿಮೆ ಸಪಾಟು. ಹತ್ತಿರದ ದಾರಿಯೆಂದು ಒಳಗೆ ನುಗ್ಗಿದವನ ದಮ್ಮು ಕಟ್ಟುತ್ತದೆ. ಸುತ್ತಿ ಹೋದವನಿಗೆ ಏಳೆಂಟು ಸುತ್ತು ಪೆಡಲಿನ ಬಿಡುವು ಸಿಗುತ್ತದೆ. ಉದ್ದನೆಯ ಗಾಡಿ ತಿರುಗಲೆಂದು ಬಿಟ್ಟ ಅಗಲವದು, ಕುದುರೆಗಳಿಗೂ ಅಲ್ಲೇ ಉಸಿರು ಮರಳುತ್ತಿದ್ದಿರಬೇಕು. ಮೇಲೇರಿದಂತೆ ತಿರುವುಗಳ ನಡುವಿನ ದೂರ ಕಿರಿದಾಗುತ್ತದೆ, ಕೊನೆಗೆ ದಣಿವಿನ ಹೊತ್ತಿಗೆ ಸರಿಯಾಗಿ ಬಿಡುವುಗಳೂ ಬೇಗಬೇಗ ಒದಗುತ್ತವೆ. ಮೆಸ್ಕೀನಿ ಇದನ್ನು ಎಣಿಸಿಯೇ ಮಾಡಿದನೋ, ಕಣಿವೆ ಇಕ್ಕಟ್ಟಾದದ್ದರಿಂದ ಹಾಗಾಯಿತೋ, ಕಾಲಿಗೆ ಆ ಭೇದ ಬೇಕಿಲ್ಲ.

2019ರ ಟೂರ್ ಡಿ ಸ್ವಿಸ್ ಪಂದ್ಯದ ಒಂದು ಹಂತ ಈ ನೆತ್ತಿಯಲ್ಲೇ ಮುಗಿಯಿತು. ಅಂದು ಗೆದ್ದವನು ಕೊಲಂಬಿಯಾದ ಎಗಾನ್ ಬರ್ನಾಲ್, ಮರುತಿಂಗಳು ಟೂರ್ ಡಿ ಫ್ರಾನ್ಸನ್ನೂ ಗೆದ್ದ. ಆಮೇಲೆ ಅನೇಕರಿಗೆ ತ್ರೆಮೋಲಾ ಎಂದರೆ ಗಡಿಯಾರದ ಓಟವಾಗಿದೆ. ನನ್ನನ್ನು ಹಿಂದಿಕ್ಕಿದ ಇಬ್ಬರು ಕೈಗಡಿಯಾರದಿಂದ ಕಣ್ಣೆತ್ತಲಿಲ್ಲ. ಬಲ್ಲವರ ಪಂದ್ಯಕ್ಕೆ ನನ್ನ ವಿರೋಧವಿಲ್ಲ. ಆದರೆ ಗುಡ್ಡದ ಮೇಲೆ ಹೆಜ್ಜೆಯಳತೆಯಲ್ಲಿ ಕಟ್ಟಿದ ಕೃತಿಯನ್ನು ನಿಮಿಷಗಳಿಗೆ ಇಳಿಸಿಕೊಂಡವರು ಕೃತಿಯನ್ನು ಓದದೆ ಪುಟ ಎಣಿಸಿದಂತಾಯಿತು. ಗಂಟೆಗೆ ಹತ್ತು ಕಿಲೋಮೀಟರ್, ನಡುವೆ ಎರಡು ಸಲ ನಿಲುಗಡೆ: ತ್ರೆಮೋಲಾಕ್ಕೆ ತಕ್ಕ ವೇಗ ಅದು.

ನೆತ್ತಿ ನನಗೆ ನಿರಾಸೆ ತಂದಿತು. ಹಳೆಯ ಧರ್ಮಛತ್ರ, ಸಣ್ಣ ಸರೋವರಗಳು, ವಸ್ತುಸಂಗ್ರಹಾಲಯ ಎಲ್ಲ ಇವೆ, ಗಯಟೆ ಮೂರು ಸಲ ಬಂದು ಹೋದ ಜಾಗ. ಬಡಗಲ ನೀರು ರಾಯ್ಸ್ ಹೊಳೆಯಾಗಿ ಹರಿದು ರೈನ್ ನದಿಯೊಡನೆ ಉತ್ತರ ಸಮುದ್ರಕ್ಕೆ, ತೆಂಕಲ ನೀರು ತಿಚೀನೊ ಆಗಿ ಪೋ ನದಿಯೊಡನೆ ಏಡ್ರಿಯಾಟಿಕ್‌ಗೆ. ಆದರೆ ಇಂಥ ಜಾಗದಲ್ಲಿ ಮೊದಲು ಎದುರಾಗುವುದು ಕಾರು ನಿಲ್ದಾಣ ಮತ್ತು ಸಾಸೇಜಿನ ಹೊಗೆ. ಇಪ್ಪತ್ತನಾಲ್ಕು ತಿರುವು ಅಷ್ಟು ಸಂಯಮದಿಂದ ಕರೆತಂದ ರಸ್ತೆಗೆ ಇನ್ನಷ್ಟು ಒಳ್ಳೆಯ ಕೊನೆ ಸಲ್ಲಬೇಕಿತ್ತು.

ಬಂದ ದಾರಿಯಲ್ಲೇ ಇಳಿದದ್ದು ನನ್ನ ತಪ್ಪು. ಹತ್ತುವಾಗ ಒಂದೊಂದಾಗಿ ಪರಿಚಯವಾದ ಕಲ್ಲುಗಳು ಇಳಿಯುವಾಗ ಒಟ್ಟಿಗೆ ಮೈಮೇಲೆ ಬಿದ್ದವು. ಕಣ್ಣಿಗೆ ಗೋಡೆ ಕಾಣಲಿಲ್ಲ, ಕಮಾನು ಕಾಣಲಿಲ್ಲ, ಬ್ರೇಕಿನ ಮೇಲಿನ ಬೆರಳುಗಳದ್ದೇ ಚಿಂತೆ. ಕೊಲ್ಲರ್‌ನ ಗಾಡಿಯೊಳಗೆ ಕೂತವರಿಗೂ ರಸ್ತೆ ಕಂಡಿರಲಾರದು. ‘ತ್ರೆಮೋಲಾ’ ಎಂಬ ಹೆಸರಿಗೆ ನಡುಗುವುದು ಎಂದೇ ಅರ್ಥ ಹೇಳುತ್ತಾರೆ. ಐರೋಲೊ ತಲುಪಿ, ವೇಲಾನ ಕಂಚಿನ ಎದುರಿನ ಕಟ್ಟೆಯ ಮೇಲೆ ಕೂತು ಹೆಲ್ಮೆಟ್ಟಿನ ಕೊಂಡಿಗೆ ಕೈಹಾಕಿದೆ. ಬಹಳ ಹೊತ್ತು ಬೆರಳುಗಳು ಮಾತು ಕೇಳಲಿಲ್ಲ.